ಡೋಣಿಯ ಸಿಪಾಯಿಯ ಎರಡು ಪ್ಲೇಟುಗಳು

ಗದಗಿನಲ್ಲಿ ನಾನು ಎಕ್ಸ್‌ರೇ ಯಂತ್ರ ಇಟ್ಟುಕೊಂಡಿದ್ದ ಕಾಲಕ್ಕೆ ಊರಿನ ಕರೆಂಟು ನನ್ನ ಮಾತು ಕೇಳುತ್ತಿರಲಿಲ್ಲ, ಹತ್ತಿ ಗಿರಣಿಗಳ ಮಾತು ಕೇಳುತ್ತಿತ್ತು. ಗಿರಣಿ ನಡೆದಿರುವಾಗ ಯಂತ್ರ ಹಚ್ಚಿದರೆ ಪ್ಲೇಟಿನ ಮೇಲೆ ಎಲುಬಿನ ಬದಲು ಬರೀ ಮಬ್ಬು ಮೂಡುತ್ತಿತ್ತು. ಹೀಗಾಗಿ ಗಿರಣಿಯವರು ಮಧ್ಯಾಹ್ನ ರೊಟ್ಟಿ ತಿನ್ನಲು ನಿಂತರೆ ನಾನು ರೊಟ್ಟಿ ಬಿಟ್ಟು ಕೆಲಸಕ್ಕೆ ನಿಲ್ಲಬೇಕು. ಆ ಒಂದು ತಾಸಿನಲ್ಲಿ ಎಷ್ಟು ಮಂದಿಯನ್ನು ನಿಲ್ಲಿಸಿ, ಉಸಿರು ಹಿಡಿಸಿ, ಬಿಡಿಸಿ ಕಳಿಸಲು ಆಗುತ್ತದೋ ಅಷ್ಟು. ಆಮೇಲೆ ಕತ್ತಲ ಕೋಣೆಯಲ್ಲಿ ಪ್ಲೇಟು ತೊಳೆಯುವುದು. ಅದಕ್ಕೆ ನೀರು ಬೇಕು. ಗದಗಿನಲ್ಲಿ ನೀರು! ಮನೆಯಲ್ಲಿ ಕುಡಿಯಲು ತುಂಬಿಟ್ಟ ಕೊಡವನ್ನು ನಾನು ಎತ್ತಿಕೊಂಡು ಹೊರಟರೆ ನನ್ನ ಹೆಂಡತಿ, "ನಿಮ್ಮ ಎಲುಬುಗೊಳ ಸ್ನಾನ ಆದ ಮ್ಯಾಲೆ ನಮಗೂ ಒಂದು ತಂಬಿಗಿ ಉಳಸ್ರಿ" ಎನ್ನುತ್ತಿದ್ದಳು. ಮೊದಮೊದಲು ನಗುತ್ತ ಹೇಳುತ್ತಿದ್ದಳು. ಆಮೇಲೆ ಅವಳಿಗೂ ಸಾಕಾಗಿ ನಗುವುದನ್ನು ಬಿಟ್ಟಳು.

ನಮ್ಮದು ಮಾಸ್ತರಿಕೆ ಮಾಡಿಕೊಂಡು ಬಂದ ಬ್ರಾಹ್ಮಣರ ಮನೆತನ. ಅಜ್ಜ, ಅಪ್ಪ ಎಲ್ಲರೂ ಶಾಲೆಯಲ್ಲಿ ಕೂಗಿ ಕೂಗಿ ಗಂಟಲು ಕಳೆದುಕೊಂಡವರು. ನಾನೊಬ್ಬ ಮುಂಬಯಿಗೆ ಹೋಗಿ ಡಾಕ್ಟರಿಕೆ ಕಲಿತು ಬಂದೆ. ಬಂದವನು ನಾಡಿ ಹಿಡಿದು ಔಷಧ ಕೊಡುವುದು ಬಿಟ್ಟು ಕತ್ತಲಲ್ಲಿ ಕೂತು ನೆರಳು ನೋಡುವ ಕೆಲಸ ಹಿಡಿದೆ ಎಂದು ಅಪ್ಪನಿಗೆ ಕಡೆಯವರೆಗೂ ಬೇಸರ. "ರೋಗಿ ಮಾರಿ ನೋಡಲಾರದ ಡಾಕ್ಟರಿಕಿ ಅದೆಂಥಾದ್ದೋ?" ಎಂದು ಕೇಳುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು.

ಮಾಜಿ ಸಿಪಾಯಿಗಳು ನನ್ನ ಕಡೆ ಬರತೊಡಗಿದ್ದು ಸ್ವಾತಂತ್ರ್ಯ ಬಂದ ಮೇಲೆ. ದೊಡ್ಡ ಯುದ್ಧ ಮುಗಿದು ಊರಿಗೆ ತಿರುಗಿ ಬಂದವರು ಅವರು. ಕೆಲವರು ಬರ್ಮಾದಲ್ಲಿ ಕಾಲು ಮುರಿದುಕೊಂಡಿದ್ದರು, ಕೆಲವರು ಇಟಲಿಯ ಥಂಡಿಯಲ್ಲಿ ಎದೆ ಕೆಡಿಸಿಕೊಂಡಿದ್ದರು. ಗಾಯದ ಪಿಂಚಣಿ ಬೇಕೆಂದರೆ ಎಕ್ಸ್‌ರೇ ಬೇಕು, ಅದನ್ನು ಸರಕಾರ ಒಪ್ಪಿದ ಡಾಕ್ಟರೇ ತೆಗೆದಿರಬೇಕು. ಅಂಥ ಡಾಕ್ಟರು ಇದ್ದದ್ದು ಪುಣೆಯಲ್ಲಿ. ಮುಂಡರಗಿಯ ಒಬ್ಬ ಕುಂಟ ಹವಾಲ್ದಾರ ಪುಣೆಗೆ ಎರಡು ಸಲ ಹೋಗಿ ಬಂದಿದ್ದ. ಒಂದು ಸಲ ಅಲ್ಲಿಯ ಯಂತ್ರ ಕೆಟ್ಟಿತ್ತು, ಇನ್ನೊಂದು ಸಲ ಸಾಹೇಬರು ರಜೆಯ ಮೇಲಿದ್ದರು. ಅವನು ನನ್ನ ಕಟ್ಟೆಯ ಮೇಲೆ ಕೂತು ನನ್ನನ್ನೇ ಬೈದ: "ಇಷ್ಟು ದೊಡ್ಡ ಮಶೀನು ಇಟಗೊಂಡು ಏನ್ ಉಪಯೋಗ್ರಿ? ಒಂದು ಅರ್ಜಿ ಒಗಿಯಾಕ ನಿಮಗ ಕೈ ಇಲ್ಲೇನು?"

ಸರಕಾರ ನನ್ನನ್ನೂ ಒಪ್ಪಲಿ ಎಂದು ಒಂದು ಅರ್ಜಿ ಒಗೆದೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಡಿಗ್ರಿಯ ನಕಲು ಕೇಳಿದರು, ಕೊಟ್ಟೆ. ಯಂತ್ರದ ನಂಬರು ಕೇಳಿದರು, ಕೊಟ್ಟೆ. ಕೋಣೆಯ ನಕಾಶೆ ಬೇಕೆಂದರು. ಬಾಗಿಲಿಗೆ ಸೀಸದ ತಗಡು ಹೊಡೆಸಿರಬೇಕು ಎಂದರು. ಬೆಟಗೇರಿಯ ಬಡಿಗೇರನನ್ನು ಕರೆಸಿ ಹೊಡೆಸಿದೆ, ಆಮೇಲೆ ಬಾಗಿಲು ಎಷ್ಟು ಭಾರವಾಯಿತೆಂದರೆ ನೂಕಲು ಎರಡು ಕೈ ಬೇಕಾಗುತ್ತಿತ್ತು. ನಾನು ತೆಗೆದ ಹಳೆಯ ಪ್ಲೇಟುಗಳನ್ನು ಮಾದರಿಗೆಂದು ತರಿಸಿಕೊಂಡರು, ಒಂದು ವರ್ಷ ಇಟ್ಟುಕೊಂಡರು. ಕಡೆಗೆ ಒಬ್ಬ ಮಿಲಿಟರಿ ಡಾಕ್ಟರು ತಪಾಸಣೆಗೆ ಬಂದರು. ಅವರು ಯಂತ್ರ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನನ್ನ ನೀರಿನ ಹಂಡೆ ನೋಡಿದರು. "ಇದೇ ನೀರಿನಲ್ಲಿ ತೊಳೆಯುತ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬೇರೆ ನೀರು ತಾವೇ ಕಳಿಸಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಅಂತೂ ಮಂಜೂರಾಯಿತು. ಜೊತೆಗೆ ಷರತ್ತುಗಳ ಪಟ್ಟಿ ಬಂತು. ಪ್ಲೇಟಿನ ಮೂಲೆಯಲ್ಲಿ ಸೀಸದ ಅಂಕಿಗಳಿಂದ ಸಿಪಾಯಿಯ ನಂಬರು ಮೂಡಿಸಬೇಕು. ಒಂದು ಅರ್ಜಿಗೆ ಒಂದೇ ಪ್ಲೇಟು. ಎರಡನೆಯದು ಬೇಕಾದರೆ ಕಾರಣ ಬರೆದು ಅನುಮತಿ ಪಡೆಯಬೇಕು. ವರದಿಯ ಒಂದು ಪ್ರತಿ ಕಚೇರಿಗೆ, ಒಂದು ಸಿಪಾಯಿಗೆ. ನಮ್ಮ ಕಂಪೌಂಡರ್ ಆ ಪಟ್ಟಿಯನ್ನು ಗೋಡೆಗೆ ಅಂಟಿಸಿದ. ಬೆಟಗೇರಿಯವನು, ನನಗಿಂತ ಹತ್ತು ವರ್ಷ ದೊಡ್ಡವನು, ಹಣೆ ತುಂಬ ವಿಭೂತಿ. "ಸಾಹೇಬ್ರ, ಇಷ್ಟು ಕಾಯ್ದೆ ಮದವಿಗೂ ಇರಂಗಿಲ್ರಿ" ಎಂದ.

ಸಿಪಾಯಿಗಳು ಬರತೊಡಗಿದರು. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯವರ ಪಾಡು ಇನ್ನೂ ಕಷ್ಟ. ಅವರ ಊರುಗಳು ಅಲ್ಲಿಯವರೆಗೆ ಸಂಸ್ಥಾನದಲ್ಲಿದ್ದವು. ಸಂಸ್ಥಾನದ ಮುದ್ರೆ ಇದ್ದ ಕಾಗದಗಳನ್ನು ಹೊಸ ಕಚೇರಿ ಒಪ್ಪುತ್ತಿರಲಿಲ್ಲ. ಅವರು ಆ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದರು. ನಾನು ಕಂಪೌಂಡರನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಅವನು ಯಾರ ಮೇಲೂ ತೀರಿಸಿಕೊಳ್ಳದೆ ಒಂದು ಎಲೆ ಅಡಿಕೆ ಹಾಕಿಕೊಂಡು ಸುಮ್ಮನಾಗುತ್ತಿದ್ದ.

ಆ ಕೆಲಸದಲ್ಲಿ ನನಗೊಂದು ಅಡಚಣೆ ಇತ್ತು, ಯಾವ ಪುಸ್ತಕದಲ್ಲೂ ಇಲ್ಲದ್ದು. ನಮ್ಮ ಕಡೆಯ ಅರ್ಧ ಮಂದಿಯ ಕೊರಳಲ್ಲಿ ಇಷ್ಟಲಿಂಗ. ಬೆಳ್ಳಿಯ ಕರಡಿಗೆಯಲ್ಲಿ ಇಟ್ಟು, ಶಿವದಾರದಿಂದ ಕೊರಳಿಗೆ ಹಾಕಿಕೊಂಡು, ಸರಿಯಾಗಿ ಎದೆಯ ಮೇಲೆ ಬರುವಂತೆ. ಎಕ್ಸ್‌ರೇಗೆ ಬೆಳ್ಳಿ ಎಂದರೆ ಗೋಡೆ ಇದ್ದ ಹಾಗೆ. ಅದರ ಹಿಂದಿನದು ಏನೂ ಕಾಣುವುದಿಲ್ಲ. ಶುರುವಿನಲ್ಲಿ ಒಮ್ಮೆ ಲಕ್ಷ್ಮೇಶ್ವರದ ಒಬ್ಬ ಹಿರಿಯ ಹೆಣ್ಣುಮಗಳಿಗೆ, "ಅದನ್ನಷ್ಟು ತಗದು ಆಕಡೆ ಇಡ್ರಿ ತಾಯಿ" ಎಂದಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಜೀವ ಹೋದ್ಮ್ಯಾಲೂ ತಗಿಯೂದಲ್ಲಪ್ಪ ಇದು. ನೀ ಭಟ್ಟರ ಮಗ, ನಿನಗೇನ್ ಗೊತ್ತು" ಎಂದು ಎದ್ದು ಹೋಗಿಯೇಬಿಟ್ಟರು. ಕೆಮ್ಮುತ್ತಲೇ ಹೋದರು. ಅಂದಿನಿಂದ ನಾನು ಆ ಮಾತು ಎತ್ತುವುದನ್ನೇ ಬಿಟ್ಟೆ. ಕರಡಿಗೆಯ ನೆರಳು ಪ್ಲೇಟಿನ ನಡುವೆ ಬಿಳಿಯ ಮೊಟ್ಟೆಯಂತೆ ಬೀಳುತ್ತಿತ್ತು. ಅದರ ಸುತ್ತ ಏನಿದೆಯೋ ಅದನ್ನು ನೋಡಿ ಬರೆಯುತ್ತಿದ್ದೆ. ಹೆಚ್ಚು ಕಡಿಮೆ ನಡೆದುಹೋಗುತ್ತಿತ್ತು.

ಡೋಣಿಯ ಸಿಪಾಯಿ ಬಂದದ್ದು ಇಂಥ ದಿನಗಳಲ್ಲಿ. ಕಪ್ಪತಗುಡ್ಡದ ಮಗ್ಗುಲಿನ ಊರು ಅದು. ನಲವತ್ತರ ಒಳಗಿನ ವಯಸ್ಸು, ಆದರೆ ಮೆಟ್ಟಿಲು ಏರುವಾಗ ಮುದುಕರ ಹಾಗೆ ನಡುವೆ ನಿಂತು ಏರಿದ. ಬರ್ಮಾದಲ್ಲಿ ರಸ್ತೆ ಕಟ್ಟುವ ಪಡೆಯಲ್ಲಿದ್ದನಂತೆ. ಗುಂಡಿನ ಚೂರೊಂದು ಎದೆಗೆ ಹೊಕ್ಕಿತ್ತು. ಡೇರೆಯ ದವಾಖಾನೆಯಲ್ಲಿ ಮೇಲಿನ ಗಾಯ ಹೊಲಿದು ಕಳಿಸಿದ್ದರು. ಬಿಡುಗಡೆಯ ಕಾಗದದಲ್ಲಿ 'ಗಾಯ ಮಾಯ್ದಿದೆ' ಎಂದಷ್ಟೇ ಇತ್ತು.

"ಚೂರು ಒಳಗ ಐತ್ರಿ ಸಾಹೇಬ್ರ. ಭಾರ ಎತ್ತಿದ್ರ ಒಳಗ ಚುಚ್ಚತೈತಿ, ಉಸರು ಹಿಡಿತೈತಿ. ಮನ್ಯಾಗ ಯಾರೂ ನಂಬಂಗಿಲ್ಲ."

"ಯಾರು ನಂಬಂಗಿಲ್ಲ?" ಎಂದು ನಂಬರಿನ ಸೀಸದ ಅಂಕಿ ಜೋಡಿಸುತ್ತಲೇ ಕೇಳಿದೆ.

"ನಮ್ಮಣ್ಣ. ಅಪ್ಪ ಹೋದ ಮ್ಯಾಲೆ ಅಂವನ ನನ್ನ ಸಾಕಿದಾಂವ. ಅಂವ ಹೊಲದಾಗ ಎರಡು ಆಳಿನ ಕೆಲಸ ಮಾಡ್ತಾನ, ನಾ ಬದುವಿನ ಮ್ಯಾಲೆ ಕುಂತಿರ್ತೀನಿ. ಮಿಲ್ಟ್ರಿ ರೊಟ್ಟಿ ತಿಂದು ಮೈಗಳ್ಳ ಆಗಿ ಬಂದಿ ಅಂತಾನ. ಮಂದಿ ಮುಂದನೂ ಅಂತಾನ." ಆಮೇಲೆ ಹೇಳಿದ: "ಪಿಂಚಣಿ ಬಂದ್ರ ಬರಲಿ, ಬಿಟ್ರ ಬಿಡ್ಲಿ. ಅಂವಗ ತೋರಸಾಕ ನನಗೊಂದು ಕಾಗದ ಬೇಕ್ರಿ. ಒಳಗ ಕಬ್ಬಣ ಐತಿ ಅಂತ ದೊಡ್ಡವ್ರು ಒಬ್ರು ಬರದು ಕೊಟ್ರ ಸಾಕು."

ಅಂದು ಕಟ್ಟೆಯ ಮೇಲೆ ಇನ್ನೂ ಎಷ್ಟೋ ಮಂದಿ ಕಾಯುತ್ತಿದ್ದರು. ಗಿರಣಿ ಮತ್ತೆ ಶುರುವಾಗಲು ಹತ್ತು ನಿಮಿಷ ಉಳಿದಿರಬೇಕು. ಅವನ ಎದೆಯ ಮೇಲೆ ಕರಡಿಗೆ ಇತ್ತು, ನಾನು ನೋಡಿದೆ. ನೋಡಿಯೂ ಏನೂ ಹೇಳಲಿಲ್ಲ. ಉಸಿರು ಹಿಡಿ ಎಂದೆ, ಬಿಡು ಎಂದೆ, ಆತು ಹೋಗು ಎಂದೆ.

ಸಂಜೆ ಪ್ಲೇಟು ನೋಡಿದಾಗ ನಡುವೆ ಅದೇ ಬಿಳಿಯ ಮೊಟ್ಟೆ, ಉಳಿದ ಎದೆಯೆಲ್ಲ ಸ್ವಚ್ಛ. ಚೂರು ಆ ಮೊಟ್ಟೆಯ ಹಿಂದೆ ಇರಬಹುದೇ ಎಂಬ ಅನುಮಾನ ನನಗೆ ಬಂತು. ಬರಲಿಲ್ಲವೆಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಅವನನ್ನು ಮಗ್ಗುಲಾಗಿ ನಿಲ್ಲಿಸಿ ಇನ್ನೊಂದು ತೆಗೆಯಬಹುದಿತ್ತು. ಅದಕ್ಕೆ ಕಾರಣ ಬರೆಯಬೇಕು, ಅನುಮತಿಗೆ ಕಳಿಸಬೇಕು, ಅದು ತಿಂಗಳುಗಟ್ಟಲೆ ಕೂತು ಬರಬೇಕು, ಅವನನ್ನು ಮತ್ತೆ ಕರೆಸಬೇಕು. ಯಾರಿಗೆ ಬೇಕಾಗಿದೆ ಎನ್ನಿಸಿತು. ಬೆನ್ನು ನೋಯುತ್ತಿತ್ತು, ಔಷಧದ ಘಾಟಿಗೆ ಕಣ್ಣು ಉರಿಯುತ್ತಿದ್ದವು. ಎದೆಯಲ್ಲಿ ಲೋಹದ ಚೂರು ಇಲ್ಲ ಎಂದು ಬರೆದು ಸಹಿ ಮಾಡಿದೆ. 'ಕರಡಿಗೆಯ ಹಿಂದೆ ನೋಡಲಾಗಲಿಲ್ಲ' ಎಂದು ಒಂದು ಸಾಲು ಸೇರಿಸಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟೂ ಬರೆಯಲಿಲ್ಲ.

ಕಂಪೌಂಡರ್ ಎರಡೂ ಪ್ರತಿ ಅಂಚೆಗೆ ಹಾಕಿದ. ಒಂದು ಕಚೇರಿಗೆ, ಒಂದು ಡೋಣಿಗೆ. ನಾನು ಆ ಮನುಷ್ಯನನ್ನು ಮರೆತೆ.

ಎರಡು ವರ್ಷ ಕಳೆದವು. ಏಕೀಕರಣವಾಯಿತು. ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು. ಊರಲ್ಲಿ ಮೆರವಣಿಗೆ, ಪೇಢೆ, ಭಾಷಣ. ನನಗೂ ಸಂತೋಷವಾಗಿತ್ತು, ಕನ್ನಡದವನಲ್ಲವೇ ನಾನು? ನಮ್ಮ ಕಾಗದಗಳು ಇನ್ನು ಕನ್ನಡದವರ ಕೈಗೆ ಹೋಗುತ್ತವೆ ಎಂದು ಕಂಪೌಂಡರನಿಗೆ ಹೇಳಿ ನಾನೇ ಅವನ ಬಾಯಿಗೆ ಪೇಢೆ ಹಾಕಿದ್ದೆ. ಪೇಢೆಯ ಸಿಹಿ ಆರುವ ಮೊದಲೇ ಬೆಂಗಳೂರಿನಿಂದ ಪತ್ರ ಬಂತು. ಮುಂಬಯಿ ಕಾಲದ ಮಂಜೂರಿ ಇನ್ನು ನಡೆಯುವುದಿಲ್ಲ, ಹೊಸದಾಗಿ ಅರ್ಜಿ ಹಾಕಬೇಕು, ಮಾದರಿ ಪ್ಲೇಟು ಕಳಿಸಬೇಕು. ಪತ್ರ ಇದ್ದದ್ದು ಇಂಗ್ಲಿಷಿನಲ್ಲಿ.

"ಡಿಗ್ರಿ ನಕಲು ಮತ್ತ ಕೊಡಬೇಕೇನ್ರಿ?" ಎಂದು ಕಂಪೌಂಡರ್ ಕೇಳಿದ.

"ಕೊಡಬೇಕು. ಡಿಗ್ರಿ ಮುಂಬಯಿದ್ದಲ್ಲೇನು? ಅದೂ ಈಗ ಬ್ಯಾರೆ ರಾಜ್ಯದ್ದಾತು" ಎಂದು ರೇಗಿದೆ. ಬಿಟ್ಟೇಬಿಡೋಣ ಈ ಸುಡುಗಾಡು ಉಸಾಬರಿ ಎಂದುಕೊಂಡೆ. ಹೊರಗೆ ನೋಡಿದರೆ ಕಟ್ಟೆಯ ಮೇಲೆ ಮೂವರು ಸಿಪಾಯಿಗಳು ಕೂತಿದ್ದರು, ಒಬ್ಬ ಊರುಗೋಲು ಗೋಡೆಗೆ ಆನಿಸುತ್ತಿದ್ದ. ಹಾಳಾಗಲಿ ಎಂದು ಹಳೆಯ ಪ್ಲೇಟುಗಳ ಗಂಟು ಬಿಚ್ಚಿದೆ.

ಒಂದೊಂದಾಗಿ ಕಿಟಕಿಗೆ ಹಿಡಿದು ಚೆನ್ನಾಗಿ ಬಂದವನ್ನು ಆರಿಸುತ್ತಿದ್ದೆ. ಡೋಣಿಯವನದು ಕೈಗೆ ಬಂತು. ಹಾಡಹಗಲಿನ ಬೆಳಕು, ಮುಂದೆ ಅವಸರವಿಲ್ಲ. ಬಿಳಿಯ ಮೊಟ್ಟೆಯ ಕೆಳಗಿನ ಅಂಚಿನಲ್ಲಿ ಒಂದು ಚೂಪು ಮೂಲೆ ಹೊರಗೆ ಬಂದಿತ್ತು. ಉಗುರಿನ ತುದಿಯಷ್ಟು. ಯಾವ ಅಕ್ಕಸಾಲಿಗನೂ ಕರಡಿಗೆಗೆ ಅಂಥ ಮೂಲೆ ಇಡುವುದಿಲ್ಲ. ಎದೆ ಮೇಲೆ ಬರುವ ವಸ್ತು ಅದು, ನುಣುಪಾಗಿಯೇ ಮಾಡುತ್ತಾರೆ. ಅದು ಹಿಂದೆ ಅಡಗಿದ್ದ ಚೂರಿನ ಮೂಲೆ. ಅಯ್ಯೋ ನನ್ನ ಕರ್ಮವೇ ಎಂದೆ, ಜೋರಾಗಿಯೇ ಅಂದಿರಬೇಕು, ಕಂಪೌಂಡರ್ ಓಡಿ ಬಂದ.

ಅವನಿಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, "ಪಾಪ" ಎಂದ. ಅಂದೇ ಡೋಣಿಗೆ ಕಾರ್ಡು ಬರೆದು ಹಾಕಿದೆ.

ಸಿಪಾಯಿ ಒಂದು ವಾರದಲ್ಲಿ ಬಂದ, ಜೊತೆಗೆ ಅವನ ಅಣ್ಣ. ಅಣ್ಣ ಎತ್ತರದ ಆಳು, ತಲೆಗೆ ಸುತ್ತಿದ ದೊಡ್ಡ ಪಟಗ, ಹೊಲದಲ್ಲಿ ದುಡಿದು ಸೀಳಿದ ಕೈಗಳು. "ಮತ್ಯಾಕ ಕರಿಸೀರಿ? ಒಮ್ಮೆ ಇಲ್ಲ ಅಂತ ಬರದೀರೆಲ್ಲ?" ಎಂದು ಬಾಗಿಲಲ್ಲೇ ಕೇಳಿದ. ಅವನನ್ನು ಕಟ್ಟೆಯ ಮೇಲೆ ಕೂರಿಸಿ ತಮ್ಮನೊಬ್ಬನನ್ನೇ ಒಳಗೆ ಕರೆದುಕೊಂಡೆ. ಎರಡು ವರ್ಷದಲ್ಲಿ ಅವನ ಮುಖ ಬತ್ತಿತ್ತು, ಎಡಭುಜ ಇಳಿದಿತ್ತು.

ಕಂಪೌಂಡರನ ಎದುರಿಗೇ ಅವನಿಗೆ ಹೇಳಿದೆ. "ತಪ್ಪು ನಂದಪ್ಪಾ. ಕರಡಿಗಿ ಅಡ್ಡ ಬಂದಿತ್ತು, ಸರಸು ಅಂತ ಹೇಳಬೇಕಾಗಿತ್ತು, ಹೇಳಲಿಲ್ಲ. ನೋಡಲಾರದ ಜಾಗಾದಾಗ ಏನೂ ಇಲ್ಲ ಅಂತ ಬರದುಬಿಟ್ಟೆ." ಅವನು ನನ್ನ ಮುಖ ನೋಡಲಿಲ್ಲ, ಯಂತ್ರದ ಕಡೆ ನೋಡುತ್ತಿದ್ದ. ಆಮೇಲೆ, "ಆತು ಬಿಡ್ರಿ. ಈಗ ತಗೀರಿ" ಎಂದ.

ತೆಗೆಯುವುದು ಹೇಗೆ? ಕರಡಿಗೆಯನ್ನು ಮೈಯಿಂದ ಬೇರೆ ಮಾಡು ಎನ್ನಲು ಈಗಲೂ ನನ್ನ ಬಾಯಿ ಏಳಲಿಲ್ಲ. ನಾನು ತಡವರಿಸುತ್ತ ನಿಂತಿದ್ದನ್ನು ನೋಡಿ ಕಂಪೌಂಡರ್ ಕೇಳಿದ:

"ಸಾಹೇಬ್ರ, ಪೂಜಾ ಮಾಡೋವಾಗ ಲಿಂಗ ಎಲ್ಲಿರತೈತ್ರಿ? ಕೊಳ್ಳಾಗಿರತೈತೇನು? ಎಡಗೈ ಅಂಗೈಯಾಗ ಇರತೈತ್ರಿ."

ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. "ಇಷ್ಟು ವರ್ಷ ಇದನ್ನ ಯಾಕ ಹೇಳಲಿಲ್ಲೋ ಮಾರಾಯಾ?"

"ನೀವು ಕೇಳಲಿಲ್ರಿ. ದೊಡ್ಡ ಕಲಿಕಿ ಕಲತಾವ್ರು, ನಿಮಗ ಗೊತ್ತಿದ್ದೂ ಬಿಟ್ಟೀರಿ ಅನಕೊಂಡಿದ್ದೆ."

ಸಿಪಾಯಿ ಕೈಕಾಲು ತೊಳೆದು ಬಂದ. ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡ, ಶಿವದಾರವನ್ನು ಕರಡಿಗೆ ಸಮೇತ ಎದೆಗೆ ಅಡ್ಡ ಬಾರದಂತೆ ಎಡತೋಳಿನ ಮೇಲಕ್ಕೆ ಸರಿಸಿದ. ಎದೆಯನ್ನು ಪ್ಲೇಟಿಗೆ ಒತ್ತಿ, ಎಡಗೈಯನ್ನು ಮಗ್ಗುಲಿಗೆ ಚಾಚಿ ನಿಂತ. ತುಟಿ ಆಡುತ್ತಿದ್ದವು, ಮಂತ್ರ ಹೇಳಿಕೊಳ್ಳುತ್ತಿದ್ದ. ಉಸಿರು ಹಿಡಿಯಪ್ಪಾ ಎಂದಾಗ ತುಟಿ ನಿಂತವು. ಅಷ್ಟು ಸರಳವಾದ ಕೆಲಸ ಅದು. ಇಡೀ ಕೆಲಸಕ್ಕೆ ಹಿಡಿದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು.

ಪ್ಲೇಟು ಒಣಗುವ ತನಕ ಕಾಯಲಿಲ್ಲ. ನೀರು ಸುರಿಯುತ್ತಿರುವಾಗಲೇ ಹೊರಗೆ ತಂದು ಕಿಟಕಿಗೆ ಹಿಡಿದೆ. ನಾಲ್ಕನೆಯ ಪಕ್ಕೆಲುಬಿನ ಹತ್ತಿರ ಅದು ಇತ್ತು, ಹರಳಿನಂತೆ ಬೆಳ್ಳಗೆ, ಒಂದು ಕಡೆ ಚೂಪು. ನನ್ನ ಮಂಜೂರಿ ತಿರುಗಿ ಬಂದ ಮೇಲೆ ಅವನ ಹೊಸ ಅರ್ಜಿಯ ಜೊತೆ ಕಳಿಸಿದ ಆ ಪ್ಲೇಟಿನ ಮೇಲೆ ಪಿಂಚಣಿ ಮುಂದೆ ಮಂಜೂರಾಯಿತು, ಹೊಸ ರಾಜ್ಯದ ಹೊಸ ಕಚೇರಿಗೆ ಅದಕ್ಕೂ ಒಂದು ವರ್ಷ ಹಿಡಿಯಿತು. ಆದರೆ ನನಗೆ ಈ ವಯಸ್ಸಿನಲ್ಲೂ ನೆನಪಾಗಿ ಕಾಡುವುದು ಅದಲ್ಲ.

ಅಣ್ಣನನ್ನು ಒಳಗೆ ಕರೆದು ತೋರಿಸಿದೆ. ಅವನಿಗೆ ಮೊದಲು ತಿಳಿಯಲಿಲ್ಲ. ಇವು ಪಕ್ಕೆಲುಬು, ಇದು ಹೃದಯ ಎಂದು ಬೆರಳಿಟ್ಟು ಹೇಳಿದೆ. "ಇದು ಕಬ್ಬಣ" ಎಂದೆ. ಅವನು ಪ್ಲೇಟು ನೋಡಿದ, ತಮ್ಮನ ಬರಿಯ ಎದೆ ನೋಡಿದ, ಮತ್ತೆ ಪ್ಲೇಟು ನೋಡಿದ. ಪಟಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಕ್ಕರಿಸಿದ.

"ನಿಮ್ಮ ಕಾಗದ ಬರೂತನಕ ಇವಗ ಹಗುರ ಕೆಲಸರ ಕೊಡ್ತಿದ್ದೆರಿ" ಎಂದ. "ಬಾಯಿಲೆ ಬೈತಿದ್ದೆ, ಆದ್ರ ಒಳಗ ಒಂದು ಅನುಮಾನ ಇತ್ತು, ಖರೇನ ಇರಬೇಕೇನೋ ಅಂತ. ಕಾಗದ ಬಂತು. ಸಾಲಿ ಮಾಸ್ತರ ಓದಿ ಹೇಳಿದ್ರು. ಡಾಕ್ಟರ ಇಲ್ಲಂತ ಬರದಾರ, ಇನ್ನ ಎಂಥಾ ನಾಟಕಲೇ ನಿಂದು ಅಂದೆ. ಎರಡು ವರ್ಷ ಇವನ ಬೆನ್ನ ಮ್ಯಾಲೆ ಜ್ವಾಳದ ಚೀಲ ಹೊರಸೀನ್ರಿ ಸಾಹೇಬ್ರ. ದಮ್ಮು ಕಟ್ಟಿ ಬಿದ್ರೂ ಏಳಲೇ ಅಂತ ಬಡದೀನಿ. ಈ ಕೈಲೆ ಬಡದೀನಿ."

ಅವನು ಅಳತೊಡಗಿದ. ಅಷ್ಟು ದೊಡ್ಡ ಗಂಡಸು ಬಾಯಿ ತೆರೆದು ಅತ್ತ. ತಮ್ಮ ಅವನ ಬಳಿ ಹೋಗಿ ಹೆಗಲ ಮೇಲೆ ಕೈ ಇಟ್ಟು, "ಏಳಣ್ಣಾ, ಏಳು. ನಿನಗರ ಏನ್ ಗೊತ್ತಿತ್ತು" ಎಂದ.

ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಮೂಗು ಒರೆಸಿಕೊಂಡು ನನ್ನನ್ನು ಕೇಳಿದ: "ಅಲ್ರಿ, ಮದಲಿನ ಫೋಟೋದಾಗ ಇದು ಯಾಕ ಕಾಣಲಿಲ್ಲರಿ?"

ಹೇಳಬೇಕಾಗಿತ್ತು. ಅರ್ಧ ತಾಸಿನ ಹಿಂದೆ ಅದೇ ಕೋಣೆಯಲ್ಲಿ ತಮ್ಮನಿಗೆ ಹೇಳಿದ್ದ ಮಾತೇ. ಆದರೆ ಆ ಸೀಳಿದ ಕೈಗಳನ್ನು ನೋಡಿದೆ, ಬಾಗಿಲಲ್ಲಿ ಇಣುಕುತ್ತಿದ್ದ ಮಂದಿಯನ್ನು ನೋಡಿದೆ, ಬೆಂಗಳೂರಿಗೆ ಹೋಗಬೇಕಾಗಿದ್ದ ನನ್ನ ಅರ್ಜಿ ಮೇಜಿನ ಮೇಲಿತ್ತು, ಅದನ್ನೂ ನೋಡಿದೆ. ಹೆದರಿದೆ. ಅದಕ್ಕೆ ಬೇರೆ ಹೆಸರಿಲ್ಲ.

"ಮಶೀನಿನ ದೋಷ" ಎಂದೆ. "ಹಳೇದದ. ಒಮ್ಮೊಮ್ಮೆ ಹಂಗಾಗ್ತದ."

ಕಂಪೌಂಡರ್ ತಲೆ ತಗ್ಗಿಸಿ ಒಳಗೆ ಹೋದ. ಅಣ್ಣ ಒಂದು ಕ್ಷಣವೂ ಅನುಮಾನ ಪಡಲಿಲ್ಲ. ತಮ್ಮ ಹನ್ನೊಂದು ವರ್ಷ ಹೇಳಿದ ಖರೆಯನ್ನು ನಂಬದವನು ನನ್ನ ಸುಳ್ಳನ್ನು ನಿಂತ ಕಾಲ ಮೇಲೆ ನಂಬಿದ. "ಮಶೀನು ಕೆಟ್ರ ನೀವೇನ್ ಮಾಡ್ತೀರ್ರಿ" ಎಂದು ಬಗ್ಗಿ ನನ್ನ ಎರಡೂ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. "ಮತ್ತ ಕರಿಸಿ ನೋಡಿದ್ರೆಲ್ಲ, ದೇವರಂಥಾವ್ರು ನೀವು."

ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸಿಪಾಯಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ನಿಂತು ನನ್ನನ್ನೇ ನೋಡಿದ. ಅವನು ಈಗ ಹೇಳುತ್ತಾನೆ, ಹೇಳಲಿ, ಹೇಳಿಬಿಡಲಿ ಎಂದು ನಾನು ಕಾದೆ. ಅವನು ಉಳಿದ ಗುಂಡಿಗಳನ್ನು ಹಾಕಿಕೊಂಡ.

"ನಡಿ ಅಣ್ಣಾ," ಎಂದ, "ಬಸ್ಸಿಗೆ ಹೊತ್ತಾಗತೈತಿ."